ಪತ್ತೇದಾರ ಮೊದಲು ಹೋದದ್ದು ಲೈಬ್ರರಿಗೆ

(ಗ್ರಂಥಪಾಲಕರ ದಿನದ ಅಂಗವಾಗಿ ನಗರದ ಶಾಖಾ ಗ್ರಂಥಾಲಯವೊಂದರಲ್ಲಿ ಮಕ್ಕಳು, ಪಾಲಕರು ಹಾಗೂ ಶಿಕ್ಷಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಲ್ಲಿ ಬೇರೆಯವರು ಮಾತನಾಡುವುದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಇಂದು ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಕೊಟ್ಟಿರುವ ವಿಷಯ ‘ಮಕ್ಕಳಲ್ಲಿ ಪುಸ್ತಕ ಪ್ರೀತಿ’. ಈ ವಿಷಯದ ಮೇಲೆ ನಾನು ವರದಿ ಮಾಡಿರುವ ಭಾಷಣಗಳು ಬಹುಮಟ್ಟಿಗೆ ಒಂದೇ ಮಾತಿನಲ್ಲಿ ಮುಗಿಯುತ್ತವೆ: ಮಕ್ಕಳು ಒಳ್ಳೆಯ ಪುಸ್ತಕಗಳನ್ನು ಓದಬೇಕು. ಆದರೆ ಒಳ್ಳೆಯ ಪುಸ್ತಕಗಳ ಪಟ್ಟಿ ಮಾಡಲು ಕುಳಿತಾಗ ಪತ್ತೇದಾರಿ ಕತೆಗೆ ಅದರಲ್ಲಿ ಜಾಗ ಸಿಗುವುದು ಅಪರೂಪ. ನಾನು ಇವತ್ತು ಆ ಪತ್ತೇದಾರಿ ಕತೆಯ ಪರ ವಕಾಲತ್ತು ಹಿಡಿದು ಬಂದಿದ್ದೇನೆ. ಪುಸ್ತಕದ ಮೇಲಿನ ಪ್ರೀತಿ ಉಪದೇಶದಿಂದ ಹುಟ್ಟುವುದಿಲ್ಲ, ಕಾಡುವ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ ಎಂಬುದು ನನ್ನ ವಾದ.

ಪತ್ತೇದಾರಿ ಕತೆ ಹುಟ್ಟಿದ್ದು ಎಲ್ಲಿ? ಆಧುನಿಕ ಪತ್ತೇದಾರಿ ಕತೆಗಳಲ್ಲಿ ಮೊದಲನೆಯದು ಎಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಕತೆಯನ್ನು. ಕತೆ ನಡೆಯುವುದು ಪ್ಯಾರಿಸ್ಸಿನಲ್ಲಿ. ಅದರ ನಿರೂಪಕನಿಗೂ ಪತ್ತೇದಾರ ದ್ಯೂಪಾನಿಗೂ ಮೊದಲು ಭೇಟಿಯಾಗುವುದು ಪೊಲೀಸ್ ಠಾಣೆಯಲ್ಲಲ್ಲ, ಕೊಲೆಯಾದ ಮನೆಯಲ್ಲೂ ಅಲ್ಲ. ಅಷ್ಟೇನೂ ಹೆಸರಿಲ್ಲದ ಒಂದು ಲೈಬ್ರರಿಯಲ್ಲಿ. ಇಬ್ಬರೂ ಒಂದೇ ಅಪರೂಪದ ಪುಸ್ತಕವನ್ನು ಹುಡುಕಿಕೊಂಡು ಅಲ್ಲಿಗೆ ಬಂದಿರುತ್ತಾರೆ. ಹಾಗಾಗಿ ಸಾಹಿತ್ಯದ ಮೊದಲ ಪತ್ತೇದಾರನನ್ನು ನಾವು ನೋಡುವುದೇ ಓದುಗನ ರೂಪದಲ್ಲಿ. ಪತ್ತೇದಾರಿ ಮತ್ತು ಗ್ರಂಥಾಲಯದ ನಂಟು ಅಷ್ಟು ಹಳೆಯದು.

ಆದರೆ ಈ ನಂಟು ಮುಂದೆ ಕೆಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ 50 ಸೆಂಟ್ ಬೆಲೆಯ ಮಕ್ಕಳ ಸಾಹಸ ಕತೆಗಳು ಸಾಲುಸಾಲಾಗಿ ಬರತೊಡಗಿದವು. ಎಡ್ವರ್ಡ್ ಸ್ಟ್ರಾಟೆಮೇಯರ್ ಎಂಬಾತ ಇದನ್ನೇ ಒಂದು ಉದ್ಯಮವಾಗಿ ಬೆಳೆಸಿದ. ಕತೆಯ ಹಂದರವನ್ನು ಕಚೇರಿಯಲ್ಲಿ ಸಿದ್ಧಪಡಿಸಿ, ಅದನ್ನು ಬರೆಯಲು ಬೇರೆ ಲೇಖಕರಿಗೆ ಇಂತಿಷ್ಟು ಹಣ ಕೊಟ್ಟು, ಪುಸ್ತಕದ ಮೇಲೆ ಒಂದು ಕಲ್ಪಿತ ಹೆಸರನ್ನು ಅಚ್ಚು ಹಾಕಿಸುವುದು ಅವನ ಪದ್ಧತಿ. 1927ರಲ್ಲಿ ‘ಹಾರ್ಡಿ ಬಾಯ್ಸ್’ ಮತ್ತು 1930ರಲ್ಲಿ ‘ನ್ಯಾನ್ಸಿ ಡ್ರೂ’ ಮಾಲೆಗಳು ಹೊರಬಂದದ್ದು ಹೀಗೆ. ಮಕ್ಕಳು ಮುಗಿಬಿದ್ದು ಕೊಂಡರು. ಅನೇಕ ಗ್ರಂಥಪಾಲಕರು ಮುಖ ಸಿಂಡರಿಸಿದರು. ಅದಕ್ಕೂ ಮೊದಲೇ, 1914ರಲ್ಲಿ, ಬಾಯ್ ಸ್ಕೌಟ್ಸ್ ಸಂಸ್ಥೆಯ ಮುಖ್ಯ ಗ್ರಂಥಪಾಲಕ ಫ್ರಾಂಕ್ಲಿನ್ ಮ್ಯಾಥ್ಯೂಸ್ ಇಂಥ ಅಗ್ಗದ ಪುಸ್ತಕಗಳು ಹುಡುಗರ ಮಿದುಳನ್ನೇ ಸಿಡಿಸುತ್ತವೆ ಎಂಬ ಅರ್ಥದ ತಲೆಬರಹ ಕೊಟ್ಟು ಲೇಖನ ಬರೆದಿದ್ದ. ಎಷ್ಟೋ ಲೈಬ್ರರಿಗಳು ದಶಕಗಳ ಕಾಲ ಈ ಮಾಲೆಗಳನ್ನು ಕಪಾಟಿಗೆ ಸೇರಿಸಲಿಲ್ಲ. ಇಂಗ್ಲೆಂಡಿನಲ್ಲಿ ಎನಿಡ್ ಬ್ಲೈಟನ್ ಪುಸ್ತಕಗಳಿಗೂ ಕೆಲವು ಲೈಬ್ರರಿಗಳಲ್ಲಿ ಇದೇ ಗತಿಯಾಯಿತು.

ಗ್ರಂಥಪಾಲಕರ ಆತಂಕದಲ್ಲಿ ಹುರುಳೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆ ಹಳೆಯ ಪುಸ್ತಕಗಳಲ್ಲಿ ಕಪ್ಪು ಜನರನ್ನೂ ವಲಸಿಗರನ್ನೂ ಹೀನವಾಗಿ ಚಿತ್ರಿಸಿದ ಭಾಗಗಳಿದ್ದವು. 1959ರಿಂದ ಆಚೆಗೆ ಪ್ರಕಾಶಕರೇ ಅವನ್ನು ತಿದ್ದಿ ಮರುಮುದ್ರಿಸಬೇಕಾಯಿತು. ಆದರೂ ಆ ಪುಸ್ತಕಗಳನ್ನು ಓದಿ ಬೆಳೆದವರ ಮಿದುಳು ಸಿಡಿಯಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್, ಸೋನಿಯಾ ಸೊಟೊಮೇಯರ್ ಮೂವರೂ ತಾವು ಬಾಲ್ಯದಲ್ಲಿ ನ್ಯಾನ್ಸಿ ಡ್ರೂ ಓದಿ ಬೆಳೆದುದನ್ನು ನೆನೆದಿದ್ದಾರೆ.

ನಮ್ಮಲ್ಲೂ ಇದೇ ಕತೆ. ಎನ್. ನರಸಿಂಹಯ್ಯನವರು ಹೆಚ್ಚು ಶಾಲೆ ಕಂಡವರಲ್ಲ, ಆದರೆ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ವಿಮರ್ಶಕರು ಅವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಆದರೆ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅವಕ್ಕೆ ಬಿಡುವಿರಲಿಲ್ಲ. ಈ ಸಭೆಯಲ್ಲಿರುವ ಹಿರಿಯರಲ್ಲಿ ಎಷ್ಟು ಮಂದಿ ಅವನ್ನು ಪಠ್ಯಪುಸ್ತಕದೊಳಗೆ ಅಡಗಿಸಿಟ್ಟುಕೊಂಡು ಓದಿದ್ದೀರಿ ಎಂದು ಕೈಯೆತ್ತಿಸುವುದಿಲ್ಲ. ಮಕ್ಕಳು ಇದ್ದಾರೆ.

ನ್ಯಾನ್ಸಿ ಡ್ರೂ ಹಿಂದೆಯೂ ಒಂದು ರಹಸ್ಯವಿತ್ತು. ಪುಸ್ತಕದ ಮೇಲಿದ್ದ ಲೇಖಕಿಯ ಹೆಸರು ಕ್ಯಾರೊಲಿನ್ ಕೀನ್. ಅಂಥ ಹೆಸರಿನ ವ್ಯಕ್ತಿಯೇ ಇರಲಿಲ್ಲ. ಮೊದಲ ಪುಸ್ತಕಗಳನ್ನು ನಿಜವಾಗಿ ಬರೆದಾಕೆ ಮಿಲ್ಡ್ರೆಡ್ ವರ್ಟ್ ಬೆನ್ಸನ್. ಪ್ರಕಾಶಕರ ನಡುವಿನ ವ್ಯಾಜ್ಯವೊಂದರಲ್ಲಿ ಆಕೆ 1980ರಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಮೇಲೆ ವಿಷಯ ಹೆಚ್ಚು ಜನಕ್ಕೆ ತಿಳಿಯಿತು. ನನಗೆ ಆಕೆಯ ಮೇಲೆ ಅಭಿಮಾನ ಹುಟ್ಟಲು ಇನ್ನೊಂದು ಕಾರಣವಿದೆ. ಆಕೆ ವೃತ್ತಿಯಲ್ಲಿ ಪತ್ರಕರ್ತೆ. ಒಹಾಯೊದ ಟೊಲೀಡೊ ನಗರದ ದಿನಪತ್ರಿಕೆಗೆ ಬರೆಯುತ್ತ 2002ರಲ್ಲಿ, 96ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಮುನಿಸಿಕೊಂಡಿದ್ದ ಪತ್ತೇದಾರಿಗೂ ಲೈಬ್ರರಿಗೂ ಮತ್ತೆ ರಾಜಿಯಾದ ಬಗೆ ಸ್ವಾರಸ್ಯಕರವಾಗಿದೆ. ಅಮೆರಿಕದ ಗ್ರಂಥಾಲಯ ಸಂಘ ವರ್ಷದ ಶ್ರೇಷ್ಠ ಮಕ್ಕಳ ಪುಸ್ತಕಕ್ಕೆ 1922ರಿಂದ ನ್ಯೂಬೆರಿ ಪದಕ ಕೊಡುತ್ತ ಬಂದಿದೆ. 1968ರ ಪದಕ ಸಿಕ್ಕಿದ್ದು ಇ.ಎಲ್. ಕೋನಿಗ್ಸ್‌ಬರ್ಗ್ ಬರೆದ ಒಂದು ಕಾದಂಬರಿಗೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಶ್ರೀಮತಿ ಬೇಸಿಲ್ ಇ. ಫ್ರಾಂಕ್‌ವೈಲರ್ ಅವರ ಕಲಸುಮೇಲೋಗರದ ಕಡತಗಳಿಂದ’ ಎಂದಾಗುತ್ತದೆ. ಹೆಸರಿನಲ್ಲೇ ಕಡತ ಇರುವ ಮಕ್ಕಳ ರಹಸ್ಯ ಕತೆ ಇದು. ಕ್ಲಾಡಿಯಾ ಎಂಬ ಹುಡುಗಿ ತಮ್ಮ ಜೇಮಿಯನ್ನು ಕರೆದುಕೊಂಡು ಮನೆ ಬಿಟ್ಟು ಬಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅಡಗಿ ಕೂರುತ್ತಾಳೆ. ಮ್ಯೂಸಿಯಮ್ಮಿನವರು ಹರಾಜಿನಲ್ಲಿ ಕೇವಲ 225 ಡಾಲರಿಗೆ ಕೊಂಡ ದೇವತೆಯ ವಿಗ್ರಹವೊಂದು ಅಲ್ಲಿದೆ. ಅದನ್ನು ಕಡೆದವನು ಮೈಕೆಲ್ಯಾಂಜೆಲೊ ಇರಬಹುದೆ? ಮಕ್ಕಳಿಗೆ ಈ ಪ್ರಶ್ನೆ ಹತ್ತಿಕೊಳ್ಳುತ್ತದೆ. ಅವರು ಮೊದಲು ಓಡುವುದು ಎಲ್ಲಿಗೆ? 53ನೆಯ ಬೀದಿಯ ಸಾರ್ವಜನಿಕ ಗ್ರಂಥಾಲಯಕ್ಕೆ. ಓದು ಎಂದು ಅವರಿಗೆ ಯಾರೂ ಹೇಳಿಲ್ಲ. ಪ್ರಶ್ನೆ ಅವರನ್ನು ಅಲ್ಲಿಗೆ ತಳ್ಳಿದೆ.

ಈ ಪುಸ್ತಕವನ್ನು ಮುಂದೆ ಓದಬೇಕೆಂದಿರುವ ಮಕ್ಕಳು ಈಗ ಎರಡು ನಿಮಿಷ ಕಿವಿ ಮುಚ್ಚಿಕೊಳ್ಳಿ. ಕೊನೆಗೆ ಮಕ್ಕಳು ವಿಗ್ರಹದ ಹಿಂದಿನ ಒಡತಿಯಾದ ಮುದುಕಿಯ ಮನೆಗೆ ಹೋಗುತ್ತಾರೆ. ಆಕೆ ಕಡತಗಳ ಬೀರುಗಳನ್ನು ತೋರಿಸಿ, ಉತ್ತರ ಇದರಲ್ಲಿದೆ, ಒಂದು ಗಂಟೆ ಸಮಯ ಕೊಡುತ್ತೇನೆ, ಹುಡುಕಿಕೊಳ್ಳಿ ಎನ್ನುತ್ತಾಳೆ. ಮೈಕೆಲ್ಯಾಂಜೆಲೊ ಹೆಸರಿನ ಕಡೆ ಹುಡುಕಿದರೆ ಅದು ಸಿಗುವುದಿಲ್ಲ. ಇರುವುದು ಇಟಲಿಯ ಒಂದು ಊರಿನ ಹೆಸರಿನಡಿ, ‘ಬೊಲೋನ್ಯಾ’ ಎಂಬಲ್ಲಿ. ಇಡೀ ಕತೆಯ ಬೀಗದಕೈ ಒಂದು ವಿಷಯ ಶೀರ್ಷಿಕೆ! ಗ್ರಂಥಪಾಲಕರು ದಿನವೂ ಮಾಡುವ ಕೆಲಸವೇ ಅಲ್ಲಿ ರಹಸ್ಯದ ತಿರುಳು.

ಇದನ್ನು ಓದಿದಾಗ ನನಗೆ ನಗು ಬಂತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಬಗ್ಗೆ ಹಳೆಯ ಸುದ್ದಿಗಳನ್ನು ಹುಡುಕುವಂತೆ ನನಗೆ ಹೇಳಿದ್ದರು. ಪತ್ರಿಕಾ ತುಣುಕುಗಳ ಕಡತಗಳಲ್ಲಿ ‘ಕೆರೆಗಳು’ ಎಂಬುದನ್ನೆಲ್ಲ ತಿರುವಿ ಹಾಕಿದೆ. ಏನೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಹಿರಿಯ ಸಹೋದ್ಯೋಗಿ, “ಆ ಕೆರೆ ಈಗ ಎಲ್ಲಿದೆಯಪ್ಪಾ?” ಎಂದು ಕೇಳಿದರು. ಅದು ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿದೆ. ಸುದ್ದಿಯೂ ‘ಬಸ್ ನಿಲ್ದಾಣ’ ಎಂಬ ಕಡತದಲ್ಲೇ ಇತ್ತು. ಒಂದು ಕೆರೆ ಏನಾಗಿ ಹೋಯಿತು ಎಂಬುದನ್ನು ಆ ಕಡತದ ಹೆಸರೇ ಹೇಳುತ್ತಿತ್ತು. ಆ ದಿನದಿಂದ ಕಡತ, ಸೂಚಿ, ಕ್ಯಾಟಲಾಗು ಎಂದರೆ ನನಗೆ ಬೇಸರದ ವಸ್ತುಗಳಲ್ಲ.

ಇತ್ತೀಚಿನ ಇನ್ನೊಂದು ಪುಸ್ತಕವನ್ನು ಹೇಳಿ ಮುಂದುವರಿಯುತ್ತೇನೆ. ಕ್ರಿಸ್ ಗ್ರಾಬೆನ್‌ಸ್ಟೈನ್ 2013ರಲ್ಲಿ ಬರೆದ ಮಕ್ಕಳ ಕಾದಂಬರಿ ‘ಎಸ್ಕೇಪ್ ಫ್ರಮ್ ಮಿಸ್ಟರ್ ಲೆಮನ್ಸೆಲೋಸ್ ಲೈಬ್ರರಿ’. ಅಲೆಕ್ಸಾಂಡ್ರಿಯಾವಿಲ್ ಎಂಬ ಕಲ್ಪಿತ ಊರು. ಪ್ರಾಚೀನ ಅಲೆಕ್ಸಾಂಡ್ರಿಯಾದ ಮಹಾ ಗ್ರಂಥಾಲಯವನ್ನು ನೆನಪಿಸುವ ಹೆಸರು. ಆದರೆ ಆ ಊರಿನಲ್ಲಿ ಹನ್ನೆರಡು ವರ್ಷಗಳ ಹಿಂದೆ ಲೈಬ್ರರಿಯನ್ನು ಕೆಡವಿ ವಾಹನ ನಿಲ್ಲಿಸುವ ಕಟ್ಟಡ ಕಟ್ಟಿದ್ದಾರೆ. ಹೀಗಾಗಿ ಅಲ್ಲಿನ ಹನ್ನೆರಡು ವರ್ಷದ ಮಕ್ಕಳು ತಮ್ಮೂರಿನಲ್ಲಿ ಲೈಬ್ರರಿಯನ್ನೇ ಕಂಡಿಲ್ಲ. ಆಟಗಳನ್ನು ತಯಾರಿಸಿ ಶ್ರೀಮಂತನಾದ ಲೆಮನ್ಸೆಲೋ ಹೊಸ ಲೈಬ್ರರಿ ಕಟ್ಟಿಸಿ, ಹನ್ನೆರಡು ಮಕ್ಕಳನ್ನು ಒಳಗೆ ಬಿಟ್ಟು, ಹೊರಗೆ ಬರುವ ಗುಪ್ತ ದಾರಿಯನ್ನು ಕಂಡುಹಿಡಿಯಲು ಹೇಳುತ್ತಾನೆ. ಸುಳಿವುಗಳೆಲ್ಲ ಪುಸ್ತಕಗಳಲ್ಲಿ, ಡ್ಯೂಯಿ ದಶಾಂಶ ಸಂಖ್ಯೆಗಳಲ್ಲಿ ಅಡಗಿವೆ. ಕಥಾನಾಯಕ ಕೈಲ್ ಓದಿನ ಹುಚ್ಚಿನವನಲ್ಲ, ಆಟದ ಹುಚ್ಚಿನವನು. ಅವನನ್ನು ಪುಸ್ತಕದ ಹತ್ತಿರಕ್ಕೆ ತಂದದ್ದು ಪ್ರಶಸ್ತಿ ಪತ್ರವಲ್ಲ, ಒಗಟು.

ಈ ಕತೆಗಳು ಒಂದು ಮುಖ್ಯ ವಿಷಯವನ್ನು ನಮ್ಮ ಗಮನಕ್ಕೆ ತರುತ್ತವೆ. ಪತ್ತೇದಾರ ಮಾಡುವುದೇನು? ಪ್ರಶ್ನೆ ಕೇಳುತ್ತಾನೆ. ಎಲ್ಲಿ ಹುಡುಕಬೇಕೆಂದು ಯೋಚಿಸುತ್ತಾನೆ. ಸಿಕ್ಕಿದ ಮೊದಲ ಉತ್ತರವನ್ನು ನಂಬದೆ ಇನ್ನೊಂದರೊಡನೆ ಹೋಲಿಸಿ ನೋಡುತ್ತಾನೆ. ಒಳ್ಳೆಯ ಓದುಗ ಮಾಡುವುದೂ ಇದನ್ನೇ. ಮೊಬೈಲಿನಲ್ಲಿ ಒಂದು ಪದ ಒತ್ತಿದರೆ ಉತ್ತರ ತಾನಾಗಿ ಬಂದು ಬೀಳುವ ಈ ಕಾಲದಲ್ಲಿ ಮಕ್ಕಳಿಗೆ ಉತ್ತರದ ಕೊರತೆ ಇಲ್ಲ. ಉತ್ತರವನ್ನು ಅನುಮಾನಿಸಿ ನೋಡುವ ಅಭ್ಯಾಸದ ಕೊರತೆ ಇದೆ. ಆ ಅಭ್ಯಾಸವನ್ನು ಪತ್ತೇದಾರಿ ಕತೆ ಬೇಸರವಿಲ್ಲದೆ ಕಲಿಸುತ್ತದೆ.

ಇಂದು ಯಾರ ಹೆಸರಿನಲ್ಲಿ ಸೇರಿದ್ದೇವೋ ಆ ಎಸ್.ಆರ್. ರಂಗನಾಥನ್ ಇದನ್ನು ಒಪ್ಪುತ್ತಿದ್ದರು ಎಂದು ನನ್ನ ನಂಬಿಕೆ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪಂಚಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ, ಬೀಗ ಹಾಕಿ ಕಾಪಾಡುವುದಕ್ಕಲ್ಲ ಎಂಬುದು ಅವುಗಳ ತಳಹದಿ. ಓದುಗ ತಾನೇ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ಆರಿಸಿಕೊಳ್ಳಬೇಕೆಂದು ಅವರು ವಾದಿಸಿದರು. ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಇಲ್ಲೇ ನಿಧನರಾದರು. ಕಪಾಟಿಗೆ ಬೀಗ ಹಾಕಿದರೆ ಪತ್ತೇದಾರನಿಗೆ ಕೆಲಸವೇ ಇಲ್ಲ. ಇದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗಾಗಿ 1965ರಲ್ಲೇ ಕಾಯಿದೆ ಬಂದಿದೆ. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಬಾಗಿಲು ತೆರೆದದ್ದು ಸಂತೋಷ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಗು ಒಳಗೆ ಉಳಿಯುವುದಿಲ್ಲ. ಒಳಗೆ ಹುಡುಕಲು ಅದಕ್ಕೊಂದು ಕಾರಣ ಬೇಕು.

ಆದ್ದರಿಂದ ಗ್ರಂಥಪಾಲಕರಲ್ಲಿ ನನ್ನದೊಂದು ವಿನಂತಿ. ವಾರಕ್ಕೊಂದು ಪ್ರಶ್ನೆಯನ್ನು ಸೂಚನಾ ಫಲಕದ ಮೇಲೆ ಬರೆಯಿರಿ. ಖರ್ಚು ಒಂದು ಸೀಮೆಸುಣ್ಣ. ನಮ್ಮ ಊರಿಗೆ ಈ ಹೆಸರು ಹೇಗೆ ಬಂತು? ಈ ರಸ್ತೆಯ ಹೆಸರಿನಲ್ಲಿರುವ ವ್ಯಕ್ತಿ ಯಾರು? ನಮ್ಮ ಬಸ್ ನಿಲ್ದಾಣ ಮೊದಲು ಏನಾಗಿತ್ತು? ಉತ್ತರದ ಜೊತೆಗೆ ಯಾವ ಪುಸ್ತಕ, ಎಷ್ಟನೆಯ ಪುಟ ಎಂಬುದನ್ನೂ ಮಗು ಬರೆದು ಕೊಡಲಿ. ಇಬ್ಬರು ಮಕ್ಕಳಿಗೆ ಎರಡು ಬೇರೆ ಉತ್ತರ ಸಿಕ್ಕಿದರೆ ಇನ್ನೂ ಒಳ್ಳೆಯದು. ಯಾವುದು ಸರಿ ಎಂದು ಅವರೇ ಜಗಳವಾಡಿ ಮತ್ತೆ ಕಪಾಟಿಗೆ ಓಡುತ್ತಾರೆ. ಪಾಲಕರಲ್ಲಿ ವಿನಂತಿ ಇಷ್ಟೆ: ಮಗುವಿನ ಕೈಯಲ್ಲಿ ಪತ್ತೇದಾರಿ ಪುಸ್ತಕ ಕಂಡರೆ ಕಸಿದುಕೊಳ್ಳಬೇಡಿ. ಮುಗಿಸಿದ ಮೇಲೆ, ಕಳ್ಳ ಯಾರೆಂದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿ.

ಮಕ್ಕಳೆ, ಈಗ ಕಿವಿಯಿಂದ ಕೈ ತೆಗೆಯಬಹುದು. ಕ್ಲಾಡಿಯಾಗೆ ಒಂದು ಕಡತದಲ್ಲಿ ಸಿಕ್ಕಿದ್ದೇನು ಎಂಬುದನ್ನು ನಾನು ಕೊನೆಯವರೆಗೂ ಹೇಳಲಿಲ್ಲ, ಕದ್ದು ಕೇಳಿಸಿಕೊಂಡವರಿಗೂ ಹೇಳಿಲ್ಲ. ಅದನ್ನು ನೀವೇ ಪತ್ತೆ ಹಚ್ಚಬೇಕು. ಕಪಾಟುಗಳು ನನ್ನ ಬೆನ್ನ ಹಿಂದೆಯೇ ಇವೆ.