ದುಃಖಿತರ ಮಗ್ಗುಲಲ್ಲಿ



ಮುಪ್ಪಿನಲ್ಲಿ ಬರುವ ಸಾವಿಗೆ ಮನೆಯವರು ಮನಸ್ಸನ್ನು ಅಷ್ಟಿಷ್ಟು ಗಟ್ಟಿ ಮಾಡಿಕೊಂಡಿರುತ್ತಾರೆ. ಹೇಳದೆ ಕೇಳದೆ ಬರುವ ಸಾವಿದೆಯಲ್ಲ, ಅದು ಸಿಡಿಲು ಬಡಿದಂತೆ. ಅಂಥ ಮನೆಗೆ ಹೋದಾಗ ಏನು ಮಾತಾಡಬೇಕು? ಬಹಳ ಜನರಿಗೆ ತೋಚುವುದಿಲ್ಲ. ಯಹೂದಿ ಜನರು ಇದಕ್ಕೆ ಬಹು ಹಿಂದಿನಿಂದಲೂ ಒಂದು ಕ್ರಮವನ್ನು ನಡೆಸಿಕೊಂಡು ಬಂದಿದ್ದಾರೆ. ಅದು ತಿಳಿಯಬೇಕಾದ ಸಂಗತಿ.

2015ನೆಯ ಇಸವಿ ಮೇ 1ರಂದು ಅಮೇರಿಕೆಯ ಡೇವ್ ಗೋಲ್ಡ್‌ಬರ್ಗ್ ಎಂಬ ಉದ್ಯಮಿ ಮೆಕ್ಸಿಕೋ ದೇಶದಲ್ಲಿ ರಜೆಗೆಂದು ಹೋಗಿದ್ದಾಗ ಹಠಾತ್ತನೆ ತೀರಿಕೊಂಡರು. ವಯಸ್ಸು 47. ಇಬ್ಬರು ಚಿಕ್ಕ ಮಕ್ಕಳು. ಪತ್ನಿ ಶೆರಿಲ್ ಸ್ಯಾಂಡ್‌ಬರ್ಗ್ ಆಗ ಫೇಸ್‌ಬುಕ್ ಸಂಸ್ಥೆಯ ದೊಡ್ಡ ಅಧಿಕಾರಿ. ಹಣವಿತ್ತು, ಅಧಿಕಾರವಿತ್ತು, ಹೆಸರಿತ್ತು. ಹೋದ ಜೀವವನ್ನು ಇವು ತಂದುಕೊಟ್ಟಾವೆಯೆ? ಆ ತಾಯಿ ತನ್ನ ಹಿರಿಯರ ಪದ್ಧತಿಯನ್ನೇ ಹಿಡಿದು ನಡೆದಳು.

ಆ ಪದ್ಧತಿ ಏನು? ಹೆಣವನ್ನು ಬೇಗ ಮಣ್ಣು ಮಾಡುತ್ತಾರೆ. ಹತ್ತಿರದವರು ಉಟ್ಟ ಬಟ್ಟೆಯನ್ನು ಹರಿದುಕೊಳ್ಳುತ್ತಾರೆ. ಎದೆ ಹರಿದುದಕ್ಕೆ ಅದು ಗುರುತು. ಮಣ್ಣು ಕೊಟ್ಟು ಬಂದ ಮೇಲೆ ಮೊದಲ ಊಟ ತಮ್ಮ ಮನೆಯದಲ್ಲ, ನೆರೆಯವರು ತರಬೇಕು. ಅನಂತರ ಏಳು ದಿನ ಮನೆಯಲ್ಲೇ ತಗ್ಗಾದ ಆಸನದ ಮೇಲೆ ಕುಳಿತಿರುತ್ತಾರೆ. ಇದಕ್ಕೆ 'ಶಿವಾ' ಎನ್ನುತ್ತಾರೆ. ನಮ್ಮ ಶಿವನಲ್ಲ, ಹೀಬ್ರೂ ಭಾಷೆಯಲ್ಲಿ ಆ ಮಾತಿಗೆ ಏಳು ಎಂದರ್ಥ. ಬಂದವರು ತಾವಾಗಿ ಮಾತು ತೆಗೆಯಬಾರದು. ದುಃಖಿತರು ಬಾಯಿಬಿಡುವ ತನಕ ಸುಮ್ಮನೆ ಕುಳಿತಿರಬೇಕು. ಎಂಥ ವಿವೇಕ ನೋಡಿರಿ!

ಸತ್ತವರಿಗಾಗಿ ಹೇಳುವ 'ಕದ್ದಿಶ್' ಎಂಬ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ದೇವರ ಮಹಿಮೆ ಮಾತ್ರ. ಅದನ್ನು ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ಕೂಡಿರಬೇಕು. ಅಂದಮೇಲೆ ಅಳುವವನನ್ನು ಒಂಟಿಯಾಗಿ ಬಿಡುವ ದಾರಿಯೇ ಅಲ್ಲಿಲ್ಲ!

ಗಂಡನಿಗಾಗಿ, ಹೆಂಡತಿಗಾಗಿ ಹಿಡಿಯುವ ಶೋಕದ ನೇಮ ಮೂವತ್ತು ದಿನಕ್ಕೆ ಮುಗಿಯುತ್ತದೆ. ತಂದೆತಾಯಿಗಾದರೆ ಒಂದು ವರ್ಷ. ನೇಮ ಮುಗಿದರೆ ದುಃಖ ಮುಗಿಯಿತೆ? ಇಲ್ಲ. ಎದ್ದು ನಡೆಯಲು ಅಪ್ಪಣೆ ಸಿಕ್ಕಿತು, ಅಷ್ಟೇ. ವರ್ಷ ವರ್ಷವೂ ತೀರಿಕೊಂಡ ದಿನ ಒಂದು ದೀಪ ಹಚ್ಚಿ ನೆನೆಯುತ್ತಾರೆ.

ಮೂವತ್ತನೆಯ ದಿನ ಶೆರಿಲ್ ತನ್ನ ಅನುಭವವನ್ನು ಬರೆದು ಪ್ರಕಟಿಸಿದಳು. 'ಎಲ್ಲ ಸರಿಹೋಗುತ್ತದೆ' ಎಂದವರ ಮಾತಿಗಿಂತ, ಸರಿಹೋಗದಿರಬಹುದು ಎಂದು ಒಪ್ಪಿಕೊಂಡವರ ಮಾತೇ ಆಕೆಗೆ ಹೆಚ್ಚು ಆಸರೆಯಾಯಿತಂತೆ. 'ಹೇಗಿದ್ದೀರಿ' ಎಂದು ಕೇಳಿದರೆ ಸಂಕಟ. 'ಈ ಹೊತ್ತು ಹೇಗಿದ್ದೀರಿ' ಎಂದರೆ ಸಮಾಧಾನ. ನೊಂದವರು ಒಂದೊಂದು ದಿನವನ್ನು ಕಳೆಯುವುದೇ ದೊಡ್ಡದು ಎಂಬುದನ್ನು ಆ ಒಂದು ಪದ ಬಲ್ಲದು.

ಆದ್ದರಿಂದ ಬಂಧುಗಳೇ, ಸಾವಿನ ಮನೆಗೆ ಹೋದಾಗ ಕರ್ಮದ ಮಾತು, ಹಣೆಬರಹದ ಮಾತು ಬೇಡ. ಒಂದು ಬುತ್ತಿ ಕಟ್ಟಿಕೊಂಡು ಹೋಗಿರಿ. ಮಗ್ಗುಲಲ್ಲಿ ಕುಳಿತುಕೊಳ್ಳಿರಿ. ಅವರು ಮಾತಾಡಿದರೆ ಕಿವಿಗೊಡಿರಿ. ತಿಂಗಳು ಕಳೆದ ಮೇಲೆ ಮರೆಯದೆ ಮತ್ತೊಮ್ಮೆ ಹೋಗಿರಿ. ಇಷ್ಟು ಹೇಳಿ ನಮ್ಮ ಮಾತಿಗೆ ಮಂಗಲ ಹಾಡುತ್ತೇವೆ.