ಹಕ್ಕಲು ಆಯುವವರು



ರೈತರ ಹೋರಾಟವೆಂದೊಡನೆ ನಮ್ಮ ಕಣ್ಣೆದುರಿಗೆ ಮೆರವಣಿಗೆ, ಘೋಷಣೆ, ಲಾಠಿ ಬರುತ್ತವೆ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿಯೂ ಇರಬಹುದು. ಇಂದು ನಾವು ಹೇಳುವುದು ಸದ್ದಿಲ್ಲದ ಹೋರಾಟದ ಮಾತು.

ಮಲೇಷಿಯಾ ದೇಶದ ಕೆಡಾ ರಾಜ್ಯದಲ್ಲಿ ಮುಡಾ ಎಂಬ ನೀರಾವರಿ ಬಯಲಿದೆ. ಅದು ಭತ್ತದ ಕಣಜ. ಜೇಮ್ಸ್ ಸ್ಕಾಟ್ ಎಂಬ ಅಮೆರಿಕದ ವಿದ್ವಾಂಸರು 1978ರಿಂದ 1980ರ ಅವಧಿಯಲ್ಲಿ ಅಲ್ಲಿಯ ಒಂದು ಹಳ್ಳಿಯಲ್ಲಿ ವಾಸವಾಗಿದ್ದು, ಕಂಡದ್ದನ್ನು 1985ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಊರಿನ ನಿಜವಾದ ಹೆಸರನ್ನು ಮರೆಮಾಡಿ ಸೆಡಾಕಾ ಎಂದು ಕರೆದರು. ಎಪ್ಪತ್ತರ ಆಸುಪಾಸು ಮನೆಗಳ ಸಣ್ಣ ಊರು.

ಕಾಲುವೆಯ ನೀರು ಬಂದು ವರ್ಷಕ್ಕೆ ಎರಡು ಬೆಳೆಯಾದಾಗ ಬಡವರಿಗೂ ಕೈತುಂಬ ಕೆಲಸ ಸಿಕ್ಕಿತು. ಸುಗ್ಗಿಯಲ್ಲಿ ಗದ್ದೆಯ ಒಡೆಯನು ದುಡಿದವರಿಗೆ ಕೂಲಿಯಲ್ಲದೆ ಒಂದಿಷ್ಟು ಭತ್ತವನ್ನೂ ಕೊಡುತ್ತಿದ್ದನು. ಅವರು ಮುಸಲ್ಮಾನರು, ಇದನ್ನು ಝಕಾತ್ ಎಂದೇ ಕರೆಯುತ್ತಿದ್ದರು. ಬಡ ಹೆಣ್ಣುಮಕ್ಕಳು ಕೊಯ್ದ ಗದ್ದೆಯಲ್ಲಿ ಹಕ್ಕಲು ಆಯುತ್ತಿದ್ದರು. ಆಮೇಲೆ ಕೊಯ್ಲಿನ ಯಂತ್ರ ಬಂದಿತು. 1980ರ ವೇಳೆಗೆ ಆ ಬಯಲಿನ ಭತ್ತದಲ್ಲಿ ನೂರಕ್ಕೆ 80ರಷ್ಟನ್ನು ಯಂತ್ರವೇ ಕೊಯ್ಯುತ್ತಿತ್ತು. ಕೂಲಿ ಹೋಯಿತು, ಹಕ್ಕಲು ಹೋಯಿತು, ಸುಗ್ಗಿಯ ಭತ್ತವೂ ಕಡಿಮೆಯಾಯಿತು. ಆಳೇ ಬೇಡವಾದ ಮೇಲೆ ಆಳಿಗೆ ಕೊಡುವುದೇನು?

ಆಗ ನಾಟಿ ಮಾಡುವ ಹೆಣ್ಣುಮಕ್ಕಳು ಒಂದು ಉಪಾಯ ಹೂಡಿದರು. ಯಂತ್ರ ತರಿಸಿದವರ ಗದ್ದೆಗೆ ನಾಟಿಗೆ ಬರಲು ಮನಸ್ಸಿಲ್ಲವೆಂದು ಬಾಯಿಂದ ಬಾಯಿಗೆ ಸುದ್ದಿ ಬಿಟ್ಟರು. ನಾಟಿಯನ್ನು ಇನ್ನೂ ಕೈಯಿಂದಲೇ ಮಾಡಬೇಕಿತ್ತಲ್ಲ! ಒಡೆಯರು ಹೊರಗಿನ ಆಳು ತರುತ್ತೇವೆಂದರು. ಅಲ್ಲಿಗೆ ಉಪಾಯ ಮುರಿದುಬಿತ್ತು. ನಾಳೆಯ ಗಂಜಿಯ ಚಿಂತೆಯಿರುವ ತಾಯಿ ಎಷ್ಟು ದಿನ ಹಟ ಹಿಡಿದಾಳು? ಆದರೆ ಎದುರು ನಿಂತು ಬರುವುದಿಲ್ಲವೆಂದು ಅವರು ಹೇಳಿರಲಿಲ್ಲ. ಆದ್ದರಿಂದ ಮರಳಿ ಗದ್ದೆಗೆ ಇಳಿಯುವಾಗ ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಪ್ರಸಂಗವೂ ಬರಲಿಲ್ಲ.

ಆ ಬಯಲಿನ ಬೇರೆಡೆ ರಾತ್ರಿಯ ಹೊತ್ತು ಯಂತ್ರದ ಬ್ಯಾಟರಿ ಕಿತ್ತು ಕಾಲುವೆಗೆ ಎಸೆದದ್ದುಂಟು, ಎಣ್ಣೆಯ ಟಾಕಿಗೆ ಮಣ್ಣು ಹಾಕಿದ್ದುಂಟು. ಒಂದು ಕಡೆ ಯಂತ್ರವನ್ನೇ ಸುಟ್ಟರು. ಸುಡುವ ಮೊದಲು ಒಳಗೆ ಮಲಗಿದ್ದ ಕಾವಲುಗಾರನನ್ನು ಎಬ್ಬಿಸಿ ಕೆಳಗಿಳಿಸಿದರು. ಸುಟ್ಟದ್ದು ಸರಿಯೆಂದು ನಾವು ಹೇಳುವುದಿಲ್ಲ. ಎಬ್ಬಿಸಿದ್ದನ್ನು ಮಾತ್ರ ತಾವು ಲಕ್ಷಿಸಬೇಕು.

ಇನ್ನೊಂದು ಸಂಗತಿ ಮಠದಲ್ಲಿ ಕುಳಿತ ನಮ್ಮಂಥವರಿಗೆ ಸಂಬಂಧಿಸಿದ್ದು. ಅಲ್ಲಿ ರಾಜ್ಯದ ಧರ್ಮಾಡಳಿತವೂ ಭತ್ತದ ಮೇಲೆ ಝಕಾತ್ ವಸೂಲು ಮಾಡುತ್ತಿತ್ತು. ಕೊಟ್ಟ ಭತ್ತ ರಾಜಧಾನಿಗೆ ಹೋಗುತ್ತದೆ, ನಮ್ಮೂರ ಬಡವನಿಗೆ ಮುಟ್ಟುವುದಿಲ್ಲ ಎಂಬುದು ರೈತರ ತಕರಾರು. ಅದಕ್ಕಾಗಿ ಯಾರೂ ಸಭೆ ಸೇರಲಿಲ್ಲ, ಠರಾವು ಮಾಡಲಿಲ್ಲ. ಉತ್ತ ಹೊಲವನ್ನು ಕಡಿಮೆ ಹೇಳಿದರು. ಅಳೆದ ಭತ್ತದಲ್ಲಿ ತೇವ, ಹುಲ್ಲು, ಕಲ್ಲು. ಸಲ್ಲಬೇಕಾದುದರಲ್ಲಿ ನೂರಕ್ಕೆ 15ರಷ್ಟು ಮಾತ್ರ ಸಂದಿತೆಂದು ಸ್ಕಾಟ್ ಅವರ ಲೆಕ್ಕ. ಇವರು ಧರ್ಮ ಬಿಟ್ಟವರೆಂದು ತಿಳಿಯಬಾರದು. ನೆರೆಯ ಬಡವನಿಗೆ ಕೈಯಾರೆ ಕೊಡುವ ಝಕಾತೇ ಅವರಿಗೆ ನಿಜವಾದ ಝಕಾತ್ ಆಗಿತ್ತು.

ನಮ್ಮ ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿಯೂ ಇಂದು ಯಂತ್ರವೇ ಕೊಯ್ಯುತ್ತದೆ. ಯಂತ್ರ ಬೇಡವೆಂದು ಹೇಳಲು ನಾವಾರು? ಹೊತ್ತಿಗೆ ಆಳು ಸಿಗದ ಕಷ್ಟ ನಿಮಗೇ ಗೊತ್ತು. ಸುಗ್ಗಿ ಮುಗಿದೊಡನೆ ಭಕ್ತರು ದಾಸೋಹಕ್ಕೆ ಅಕ್ಕಿಯ ಚೀಲ ತರುತ್ತೀರಿ, ಸಂತೋಷ. ಆದರೆ ಮೊದಲು ಕೊಯ್ಲಿಗೆ ಬರುತ್ತಿದ್ದ ಆ ಓಣಿಯ ತಾಯಂದಿರು ಈಗ ಏನು ಮಾಡುತ್ತಿದ್ದಾರೆ? ಈ ಸಲ ಚೀಲ ಎತ್ತುವ ಮುಂಚೆ ಅತ್ತ ಕಡೆ ಒಮ್ಮೆ ಹೋಗಿ ಬನ್ನಿರಿ. ಇಲ್ಲಿಗೆ ಒಂದು ಚೀಲ ಕಡಿಮೆ ಬಂದರೂ ಮಠದ ಒಲೆ ಉರಿಯುತ್ತದೆ.