ಕೊನೆಯ ಕೊಠಡಿಯ ದೆವ್ವ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈಗ ನಿಮ್ಮ ಸೈಕಲ್ ಸ್ಟ್ಯಾಂಡ್ ಇದೆಯಲ್ಲ, 1981ರಲ್ಲಿ ಅಲ್ಲೊಂದು ಹೆಂಚಿನ ಕೊಠಡಿಯಿತ್ತು. ಪಕ್ಕದಲ್ಲಿ ಹುಣಸೆಮರ. ಮುರಿದ ಬೆಂಚು, ಹರಿದ ಭೂಪಟಗಳನ್ನು ತುಂಬಿ ಬೀಗ ಹಾಕಿದ್ದರು. ಅಲ್ಲಿ ದೆವ್ವವಿದೆ ಎಂದು ಇಡೀ ಶಾಲೆಗೆ ಗೊತ್ತಿತ್ತು. ಕತ್ತಲಾದರೆ ಒಳಗಿಂದ ಬುಸುಗುಟ್ಟುವ ಸದ್ದು, ನಡುವೆ ಹೆಂಗಸು ಚೀರಿದಂಥ ಕೂಗು. ಬಿಳಿ ಸೀರೆಯವಳು ಹೆಂಚಿನ ಮೇಲಿಂದ ಸದ್ದಿಲ್ಲದೆ ತೇಲಿಹೋದದ್ದನ್ನು ಕಂಡವರೂ ಇದ್ದರು.

ನಮ್ಮ ವಿಜ್ಞಾನದ ಮೇಷ್ಟ್ರು ಇದನ್ನು ಕೇಳಿ ನಗಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, "ಯಾರು ಏನು ಕಂಡರು, ಯಾವತ್ತು, ಎಷ್ಟು ಹೊತ್ತಿನಲ್ಲಿ, ಎಲ್ಲಿ ನಿಂತು ಕಂಡರು, ಬರೆದುಕೊಂಡು ಬಾ" ಎಂದರು. 31 ಜನರನ್ನು ಕೇಳಿದೆ. ತಾವೇ ಕಣ್ಣಾರೆ ಕಂಡವರು ಇಬ್ಬರು. ಉಳಿದವರೆಲ್ಲ ಇನ್ನೊಬ್ಬರು ಹೇಳಿದ್ದನ್ನು ಹೇಳಿದವರು. ಆ ಇಬ್ಬರೂ ಹೇಳಿದ ಹೊತ್ತು ಮಾತ್ರ ಒಂದೇ: ಮುಸ್ಸಂಜೆ, ದೀಪ ಹಚ್ಚುವ ವೇಳೆ.

ಮೊದಲು ಹಗಲಿನಲ್ಲೇ ಬೀಗ ತೆಗೆಸಿದರು. ನೆಲದ ಮೇಲೆ ಹೆಬ್ಬೆಟ್ಟಿನ ಗಾತ್ರದ ಕಪ್ಪು ಉಂಡೆಗಳು. ನೀರಿನಲ್ಲಿ ನೆನೆಸಿ ಸೂಜಿಯಿಂದ ಬಿಡಿಸಿದರೆ ಒಳಗೆ ಕೂದಲು, ಎಲುಬು, ಹಲ್ಲಿದ್ದ ಪುಟ್ಟ ಬುರುಡೆ. ಗೆಳೆಯನೊಬ್ಬ ಅಲ್ಲಿಂದಲೇ ಓಟ ಕಿತ್ತ. ಅದು ಇಲಿಯ ಬುರುಡೆ. ಸಂಜೆ ಮರದ ಕೆಳಗೆ ಕಾದು ಕುಳಿತೆವು. ಒಡೆದ ಹೆಂಚಿನ ಸಂದಿನಿಂದ ಬಿಳಿಯ ಎದೆಯ, ಹೃದಯದ ಆಕಾರದ ಮುಖದ ಕಣಜ ಗೂಬೆ ಹೊರಬಂತು. ಅದರ ರೆಕ್ಕೆಯ ಗರಿಯಂಚು ಬಾಚಣಿಗೆಯಂತಿರುವುದರಿಂದ ಹಾರಿದರೆ ಸದ್ದಾಗುವುದಿಲ್ಲ. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಎಲುಬು ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಬುಸುಗುಟ್ಟುತ್ತಿದ್ದದ್ದು ಹಸಿದ ಮರಿಗಳು.

ಆಗ ಮೇಷ್ಟ್ರು ನಮಗೆ ಡಾ. ಎಚ್. ನರಸಿಂಹಯ್ಯನವರ ವಿಷಯ ಹೇಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಅವರು ಸಮಿತಿ ರಚಿಸಿದ್ದರು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅಬ್ರಹಾಂ ಕೋವೂರರು ದೆವ್ವದ ಮನೆ ಎನಿಸಿಕೊಂಡ ಕಡೆಗಳಿಗೆ ತಾವೇ ಹೋಗಿ ವಿಚಾರಿಸುತ್ತಿದ್ದರು.

ಎಲ್ಲ ಕಡೆಯೂ ಗೂಬೆಯೇ ಸಿಗುತ್ತದೆಂದು ತಿಳಿಯಬೇಡಿ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್‌ಗೆ ತಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಮೈ ಜುಮ್ಮೆನ್ನುತ್ತಿತ್ತು, ಕಣ್ಣಂಚಿನಲ್ಲಿ ಬೂದು ಆಕೃತಿ ಸುಳಿದಂತಾಯಿತು. ಮರುದಿನ ಹಿಡಿಕೆಯಲ್ಲಿ ಬಿಗಿದಿಟ್ಟ ಕತ್ತಿ ತಾನೇ ಅದುರತೊಡಗಿತು. ಹುಡುಕಿದರೆ, ಹೊಸದಾಗಿ ಕೂರಿಸಿದ ಫ್ಯಾನು ಕಿವಿಗೆ ಕೇಳದಂಥ, ಸೆಕೆಂಡಿಗೆ ಸುಮಾರು 19 ಕಂಪನಗಳ ಸದ್ದು ಹೊರಡಿಸುತ್ತಿತ್ತು. ತಮ್ಮ ಅನುಭವಕ್ಕೆ ಅದೇ ಕಾರಣವೆಂದು 1998ರಲ್ಲಿ ಬರೆದರು. ಎಲ್ಲ ಪರೀಕ್ಷಕರೂ ಅದನ್ನು ಒಪ್ಪಿಲ್ಲ. ಅಮೆರಿಕದ ಒಬ್ಬ ಕಣ್ಣಿನ ವೈದ್ಯರು 1921ರಲ್ಲಿ ಪ್ರಕಟಿಸಿದ ಸಂಗತಿ ಇದಕ್ಕಿಂತ ಗಂಭೀರ. ಒಂದು ಮನೆಯವರಿಗೆಲ್ಲ ತಲೆನೋವು, ರಾತ್ರಿ ಹೆಜ್ಜೆ ಸಪ್ಪಳ, ಯಾರೋ ನಿಂತಂತೆ. ಮನೆ ಕಾಯಿಸುವ ಒಲೆ ಕೆಟ್ಟು ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತಿತ್ತು. ದೆವ್ವವೆಂದು ಯಂತ್ರ ಕಟ್ಟಿಸಿ ಮಲಗಿದ್ದರೆ ಜೀವವೇ ಹೋಗುತ್ತಿತ್ತು. ಮಕ್ಕಳೇ, ಚಳಿಗಾಲದಲ್ಲಿ ಬಾಗಿಲು ಹಾಕಿ ಕೆಂಡ ಇಟ್ಟುಕೊಂಡು ಮಲಗುವವರಿಗೆ ಇದನ್ನು ಹೇಳಿ.

ಈಗ ಇಷ್ಟು ವರ್ಷ ನಾನು ಎಲ್ಲೂ ಹೇಳದ ಭಾಗ. ಗೂಬೆ ಸಿಕ್ಕಿದ್ದಕ್ಕೆ ಹದಿನೈದು ದಿನ ಮುಂಚೆ, ಎಂಟನೇ ತರಗತಿಯ ಹುಡುಗಿಯೊಬ್ಬಳು ಆ ಕೊಠಡಿಯ ಮುಂದೆ ತಲೆ ತಿರುಗಿ ಬಿದ್ದಿದ್ದಳು. ಗಾಳಿ ಸೋಕಿದೆ ಎಂದರು. ತಾಯಿತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ಹೊಡೆದರು, ಶಾಲೆ ಬಿಡಿಸಿದರು. ನಾವು ಗೂಬೆಯ ಸಂಗತಿ ಹೇಳಲು ಮೇಷ್ಟ್ರ ಜೊತೆ ಅವಳ ಮನೆಗೆ ಹೋದೆವು. ಅವಳ ತಂದೆ ನೀರು ಬೆಲ್ಲ ಕೊಟ್ಟು ಕೂರಿಸಿ, "ಗೂಬೆಯೇ ಇರಬಹುದು ಸ್ವಾಮಿ. ಊರ ಬಾಯಿ ನೀವು ಮುಚ್ಚಿಸ್ತೀರಾ? ನಾಳೆ ಇವಳನ್ನು ಯಾರು ಮದುವೆ ಆಗ್ತಾರೆ?" ಎಂದರು. ಮೇಷ್ಟ್ರ ಹತ್ತಿರ ಉತ್ತರವಿರಲಿಲ್ಲ. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಇವತ್ತು ಆಕೆ ಈ ಸಭೆಯಲ್ಲಿದ್ದಾರೆ. ಮೊಮ್ಮಗಳು ಇಲ್ಲೇ ಎಂಟನೇ ತರಗತಿ. ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ಸಿಕ್ಕಾಗ, ಅವತ್ತು ಏನಾಗಿತ್ತು ಎಂದು ಕೇಳಿದೆ. ನನ್ನ 31 ಹೆಸರುಗಳಲ್ಲಿ ಅವರ ಹೆಸರಿರಲಿಲ್ಲ. ಹೇಳಬಹುದೇ ಎಂದಾಗ, ಹೇಳಿ ಎಂದು ಅವರೇ ಒಪ್ಪಿದರು.

"ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ ಅಣ್ಣಾ. ಮನೇಲಿ ಇರಲಿಲ್ಲ. ಹುಣಸೆಕಾಯಿ ಬಿದ್ದಿರುತ್ತೆ ಅಂತ ಅಲ್ಲಿಗೆ ಹೋದೆ. ದೆವ್ವ ಕಂಡೆಯಾ ಅಂತ ಎಲ್ಲರೂ ಕೇಳಿದರು. ಊಟ ಮಾಡಿದ್ಯಾ ಅಂತ ಯಾರೂ ಕೇಳಲಿಲ್ಲ."